ಕಡಲ ನೀರಿನಲ್ಲಿ ಕ್ಲೋರಿನ್ ದ್ರಾವಕಗಳು

ಉಣ್ಣೆಯ ಉಡುಪುಗಳನ್ನು ಡ್ರೈಕ್ಲೀನಿಂಗ್ ಮಾಡಲು ದೀರ್ಘಕಾಲ ಬಳಕೆಯಲ್ಲಿರುವ ದ್ರಾವಕ ಪರ್‌ಕ್ಲೋರೊಎಥಿಲೀನ್. ಯಂತ್ರಭಾಗಗಳ ಜಿಡ್ಡನ್ನು ತೆಗೆಯಲು ಬಳಕೆಗೆ ಬಂದ ಟ್ರೈಕ್ಲೋರೊಎಥಿಲೀನ್ ಇದೇ ಗುಂಪಿಗೆ ಸೇರಿದ್ದು. ಎರಡರಲ್ಲಿಯೂ ಕ್ಲೋರಿನ್ ಇದೆ. ಕಾರ್ಖಾನೆಯ ತ್ಯಾಜ್ಯದೊಡನೆ ಹರಿದ ಇಂಥ ದ್ರಾವಕಗಳು ಕಡಲನ್ನು ತಲುಪಬಲ್ಲವು. ಅನಂತರ ಅವು ನೀರಿನಲ್ಲಿಯೇ ಉಳಿಯುವುವೋ, ಗಾಳಿಗೆ ಏರುವುವೋ ಎಂಬುದು ಮುಖ್ಯವಾದ ಪ್ರಶ್ನೆ.

1971-72ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ 'ಶ್ಯಾಕಲ್‌ಟನ್' ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಸಂಚರಿಸಿದರು. ಅವರು ತಾವೇ ರೂಪಿಸಿದ ಸೂಕ್ಷ್ಮ ಉಪಕರಣದ ನೆರವಿನಿಂದ, ಗಾಳಿಯಲ್ಲಿಯೂ ಕಡಲ ನೀರಿನಲ್ಲಿಯೂ ಕಾರ್ಬನ್ ಟೆಟ್ರಾಕ್ಲೋರೈಡ್ ಇರುವುದನ್ನು ಗುರುತಿಸಿದರು. ಆದರೆ ಇರುವಿಕೆ ತಿಳಿದ ಮಾತ್ರಕ್ಕೆ ಅದರ ಚಲನೆಯ ದಿಕ್ಕು ತಿಳಿಯದು. ಅದಕ್ಕೆ, ನೀರು ಮತ್ತು ಗಾಳಿಯ ನಡುವೆ ವಸ್ತು ಹಂಚಿಕೊಳ್ಳುವ ಪ್ರಮಾಣವನ್ನು ಅಳೆಯಬೇಕು. ಈ ಪ್ರಮಾಣಕ್ಕೆ ಹೆನ್ರಿ ಸ್ಥಿರಾಂಕವೆಂದು ಹೆಸರು.

ಅಳೆಯುವ ಸರಳ ವಿಧಾನವೊಂದನ್ನು ಅಮೆರಿಕದ ಜೇಮ್ಸ್ ಗೊಸೆಟ್ 1987ರಲ್ಲಿ ವಿವರವಾಗಿ ಪ್ರಕಟಿಸಿದರು. ಒಂದೇ ಅಳತೆಯ ಎರಡು ಸೀಸೆಗಳಲ್ಲಿ ಬೇರೆ ಬೇರೆ ಪ್ರಮಾಣದ ನೀರನ್ನು ತುಂಬಿ, ಎರಡಕ್ಕೂ ಸಮನಾಗಿ ದ್ರಾವಕವನ್ನು ಸೇರಿಸಿ, ಬಿಗಿಯಾಗಿ ಮುಚ್ಚಲಾಗುತ್ತದೆ. ನಿಶ್ಚಿತ ಉಷ್ಣತೆಯಲ್ಲಿ ಸಮತೋಲ ಏರ್ಪಟ್ಟ ಬಳಿಕ ಮೇಲಿನ ಗಾಳಿಯನ್ನು ಸೂಜಿಯಿಂದ ಸೆಳೆದು ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ ಪರೀಕ್ಷಿಸುತ್ತಾರೆ. ಎರಡು ಸೀಸೆಗಳ ಫಲಿತಾಂಶಗಳ ಅನುಪಾತದಿಂದಲೇ ಸ್ಥಿರಾಂಕ ದೊರೆಯುತ್ತದೆ. ಹಾಕಿದ ದ್ರಾವಕದ ನಿಖರ ತೂಕ ತಿಳಿಯಬೇಕಾಗಿಲ್ಲ. ಎರಡರಲ್ಲಿಯೂ ಅದು ಸಮನಾಗಿದ್ದರೆ ಸಾಕು.

10 ಡಿಗ್ರಿ ಸೆಲ್ಸಿಯಸ್‌ನಿಂದ 25 ಡಿಗ್ರಿಗೆ ಉಷ್ಣತೆ ಏರಿದಾಗ ಟ್ರೈಕ್ಲೋರೊಎಥಿಲೀನ್‌ನ ಈ ಸ್ಥಿರಾಂಕ ಸುಮಾರು ಎರಡು ಪಟ್ಟಾಗುತ್ತದೆ. ನೀರು ಬೆಚ್ಚಗಾದಷ್ಟೂ ಅದರ ಆವಿಯ ಒತ್ತಡ ಹೆಚ್ಚಿ, ಗಾಳಿಯ ಪಾಲು ಬೆಳೆಯುವುದೇ ಇದಕ್ಕೆ ಕಾರಣ. ಉಪ್ಪಿನ ಪ್ರಭಾವವೂ ಅದೇ ದಿಕ್ಕಿನದು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಈ ಲವಣದ ಅಯಾನುಗಳು ನೀರಿನ ಅಣುಗಳನ್ನು ತಮ್ಮತ್ತ ಹಿಡಿದಿಡುವುದರಿಂದ ದ್ರಾವಕಕ್ಕೆ ಸಿಗುವ ಎಡೆ ಕಡಿಮೆಯಾಗುತ್ತದೆ. ಹೀಗಾಗಿ ಸಿಹಿನೀರಿಗಿಂತ ಕಡಲ ನೀರು ಇವನ್ನು ಕಡಿಮೆ ಹಿಡಿದುಕೊಳ್ಳುತ್ತದೆ.

ಆದುದರಿಂದ ತಂಪಾದ ಧ್ರುವ ಸಾಗರಕ್ಕಿಂತ ಬೆಚ್ಚನೆಯ ಅರಬ್ಬೀ ಸಮುದ್ರ ಅಥವಾ ಬಂಗಾಳ ಕೊಲ್ಲಿ ಇಂಥ ವಸ್ತುಗಳನ್ನು ಬೇಗ ಗಾಳಿಗೆ ಬಿಟ್ಟುಕೊಡಬಲ್ಲದು. ಇದನ್ನು ನಿವಾರಣೆಯೆಂದು ತಿಳಿಯಬಾರದು. ವಿಷ ನೀರನ್ನು ಬಿಟ್ಟು ಗಾಳಿಯನ್ನು ಸೇರಿತು, ಅಷ್ಟೆ. ಟ್ರೈಕ್ಲೋರೊಎಥಿಲೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಣಯಿಸಿದೆ. ಬಳಸಿದ ದ್ರಾವಕವನ್ನು ಚರಂಡಿಗೆ ಚೆಲ್ಲದೆ, ಶುದ್ಧಗೊಳಿಸಿ ಮರುಬಳಸುವುದೇ ಕಡಲಿಗೂ ಗಾಳಿಗೂ ಮನುಷ್ಯನಿಗೂ ಕ್ಷೇಮಕರ.