ಗಾಡಿ ನಮ್ಮದು, ಓಣಿ ಎಲ್ಲರದು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.



ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 8ನೇ ಸೂಕ್ತದಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ನಮ್ಮ ಸವಾರಿಗೂ ಶೋಭೆಗೂ ಸೃಷ್ಟಿಸಿರುವುದನ್ನು ನೆನಪಿಸಿ, ನಾವು ಅರಿಯದ ಇನ್ನೂ ಅನೇಕವನ್ನು ಸೃಷ್ಟಿಸುವುದಾಗಿ ತಿಳಿಸುತ್ತಾನೆ. ಇಂದಿನ ಬೈಕ್, ಟಂಟಂ, ಕಾರು, ಟ್ರ್ಯಾಕ್ಟರುಗಳನ್ನೂ ಅನೇಕ ವಿದ್ವಾಂಸರು ಈ ಮಾತಿನ ವ್ಯಾಪ್ತಿಯಲ್ಲೇ ಕಾಣುತ್ತಾರೆ. ಅಂದರೆ ವಾಹನ ಅಲ್ಲಾಹನ ಅನುಗ್ರಹ. ಅದನ್ನು ಹೊಂದುವುದು ತಪ್ಪಲ್ಲ.

ಮನುಷ್ಯನಿಗೆ ನೆಮ್ಮದಿ ಕೊಡುವ ನಾಲ್ಕು ಸಂಗತಿಗಳನ್ನು ಪ್ರವಾದಿ(ಸ) ಎಣಿಸಿದ್ದಾರೆ: ಸದ್ಗುಣಿ ಪತ್ನಿ, ವಿಶಾಲವಾದ ಮನೆ, ಒಳ್ಳೆಯ ನೆರೆಯವ, ಹಿತವಾದ ವಾಹನ. (ಇಬ್ನು ಹಿಬ್ಬಾನ್) ಮನೆ, ನೆರೆಯವ, ವಾಹನ, ಈ ಮೂರೂ ಒಂದೇ ಹದೀಸಿನಲ್ಲಿ ಬಂದಿರುವುದನ್ನು ಗಮನಿಸಿ. ಇಂದು ನಮ್ಮ ಓಣಿಗಳಲ್ಲಿ ನಡೆಯುವ ಜಗಳವೂ ಈ ಮೂರರ ನಡುವೆಯೇ ಇದೆ. ವಾಹನಗಳು ಹೆಚ್ಚಿವೆ. ಮನೆ ಇದ್ದಷ್ಟೇ ಇದೆ. ತೊಂದರೆ ಮಾತ್ರ ನೆರೆಯವನ ಪಾಲಿಗೆ ಬಂದಿದೆ.

ರೋಣ, ನರಗುಂದ, ಗಜೇಂದ್ರಗಡದ ಹಳೆಯ ಓಣಿಗಳನ್ನು ನೀವೆಲ್ಲ ಬಲ್ಲಿರಿ. ಅವು ಮನುಷ್ಯರಿಗೂ ದನಕರುಗಳಿಗೂ ಚಕ್ಕಡಿಗೂ ಆದ ದಾರಿಗಳು. ಈಗ ಒಂದೊಂದು ಮನೆಯಲ್ಲಿ ಮೂರು ನಾಲ್ಕು ಗಾಡಿಗಳಿವೆ. ಇವೆಲ್ಲ ಶೋಕಿಗೆ ತಂದವು ಎಂದು ಹೇಳಲಾಗದು. ಸಂತೆಯಿಂದ ಸಂತೆಗೆ ಹೋಗುವವನಿಗೆ ಟಂಟಂ ಬೇಕು. ಗದಗಿಗೋ ಹುಬ್ಬಳ್ಳಿಗೋ ಕೆಲಸಕ್ಕೆ ಹೋಗುವ ಮಗನಿಗೆ ಬೈಕ್ ಬೇಕು. ಕಾಲೇಜಿಗೆ ಹೋಗುವ ಮಗಳಿಗೆ ಸ್ಕೂಟಿ ಬೇಕು. ಹೊಲ ಇದ್ದವನಿಗೆ ಟ್ರ್ಯಾಕ್ಟರ್ ಬೇಕು. ಇವೆಲ್ಲ ಹಲಾಲ್ ದುಡಿಮೆಯ ಸಾಧನಗಳು.

ಆದರೆ ನಮ್ಮ ಹಿರಿಯರು ಮನೆ ಕಟ್ಟಿದ ಬಗೆಯನ್ನು ನೆನಪು ಮಾಡಿಕೊಳ್ಳಿ. ಮೇಲ್ಮುದ್ದೆಯ ಮಣ್ಣಿನ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅಲ್ಲೇ ಗೋದಲಿ. ಅದರಾಚೆಗೆ ಮನುಷ್ಯರ ಪಡಸಾಲೆ. ಎತ್ತು ತರುವ ಮೊದಲು ಅದನ್ನು ಎಲ್ಲಿ ಕಟ್ಟುವುದೆಂದು ಯೋಚಿಸುತ್ತಿದ್ದರು. ಬಾಜು ಮನೆಯ ಬಾಗಿಲಿಗೆ ಯಾರೂ ತಮ್ಮ ಎತ್ತು ಕಟ್ಟುತ್ತಿರಲಿಲ್ಲ. ಇಂದು ನಾವು ಶೋರೂಮಿನಲ್ಲಿ ಬೆಲೆ ಕೇಳುತ್ತೇವೆ, ಕಂತು ಕೇಳುತ್ತೇವೆ, ಮೈಲೇಜ್ ಕೇಳುತ್ತೇವೆ. ನಿಲ್ಲಿಸುವುದು ಎಲ್ಲಿ ಎಂದು ಮಾತ್ರ ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ.

ಏಳು ಮೊಳದ ದಾರಿ

ಸಹೋದರರೇ, ದಾರಿಯ ಅಗಲದ ಬಗ್ಗೆಯೂ ನಮ್ಮ ಪ್ರವಾದಿ(ಸ) ಹೇಳಿದ್ದಾರೆ. ದಾರಿಯ ವಿಷಯದಲ್ಲಿ ನಿಮ್ಮೊಳಗೆ ಭಿನ್ನಾಭಿಪ್ರಾಯ ಬಂದರೆ ಅದಕ್ಕೆ ಏಳು ಮೊಳ ಬಿಡಿ ಎಂದು ಅವರು ತೀರ್ಮಾನ ಕೊಟ್ಟಿದ್ದನ್ನು ಅಬೂಹುರೈರ(ರ) ವರದಿ ಮಾಡಿದ್ದಾರೆ. (ಬುಖಾರಿ, ಮುಸ್ಲಿಮ್) ಹೇರು ಹೊತ್ತ ಪ್ರಾಣಿಗಳು ಬಂದು ಹೋಗಲು ಬೇಕಾದ ಅಗಲ ಅದು.

ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಏಳು ಮೊಳ ಎಂದರೆ ಹತ್ತೂವರೆ ಅಡಿ. ಈ ಅಗಲದ ಓಣಿಯಲ್ಲಿ ಒಂದು ಕಾರು ನಿಲ್ಲಿಸಿ ನೋಡಿ. ಸಣ್ಣ ಕಾರೂ ಐದೂವರೆ ಅಡಿಯಷ್ಟು ಅಗಲ ಇರುತ್ತದೆ. ಉಳಿಯುವುದು ಐದು ಅಡಿ. ಆಂಬುಲೆನ್ಸಿನ ಅಗಲ ಆರು ಅಡಿಗಿಂತ ಹೆಚ್ಚು. ಅದು ಒಳಗೆ ಬರುವುದಿಲ್ಲ. ಅದೇ ಓಣಿಯಲ್ಲಿ ಬೈಕುಗಳನ್ನು ಒಂದೇ ಗೋಡೆಗೆ ಉದ್ದಕ್ಕೆ ಹೊಂದಿಸಿ ನಿಲ್ಲಿಸಿದರೆ ಹೆಚ್ಚೆಂದರೆ ಎರಡೂವರೆ ಅಡಿ ಹೋಗುತ್ತದೆ, ಎಂಟು ಅಡಿ ಉಳಿಯುತ್ತದೆ. ಎದುರುಬದುರು ಎರಡೂ ಕಡೆ ನಿಲ್ಲಿಸಿದರೆ ಮತ್ತೆ ಐದೂವರೆ ಅಡಿಗೆ ಬಂದೆವು. ಗಾಡಿಗಳ ಸಂಖ್ಯೆ ಅಷ್ಟೇ, ನಿಲ್ಲಿಸಿದ ರೀತಿಯಿಂದ ಒಂದು ಜೀವದ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ.

2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ಕರೆ ಮಾಡಿದರೆ ಗಾಡಿ ಬರುತ್ತದೆ. ಆದರೆ ಓಣಿಯ ಬಾಯಿಯಲ್ಲೇ ನಿಂತರೆ ಹೆರಿಗೆ ನೋವಿನ ಹೆಣ್ಣುಮಗಳನ್ನೋ ಎದೆ ಹಿಡಿದುಕೊಂಡ ಮುದುಕರನ್ನೋ ಅಲ್ಲಿಯ ತನಕ ಹೊತ್ತು ತರಬೇಕು. ಗಜೇಂದ್ರಗಡದಿಂದ ಗದಗಿನ ಜಿಲ್ಲಾಸ್ಪತ್ರೆಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಅಷ್ಟು ದೂರ ಹೋಗಬೇಕಾದವರ ಸಮಯವನ್ನು ನಮ್ಮ ಮನೆಯ ಮುಂದೆಯೇ ಕಳೆಯಬಾರದು. ಜನಾಝಾ ಹೊತ್ತವರು ನಿಂತ ಬೈಕುಗಳ ನಡುವೆ ಓರೆಯಾಗಿ ನುಸುಳಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ನಾಳೆ ಆ ಸಂದೂಕ ನಮ್ಮದೇ ಮನೆಯಿಂದ ಹೊರಡಬಹುದು.

ಕೇಳಿದರೆ ಸಿಟ್ಟಿಲ್ಲ

ಕೆಲವು ತಿಂಗಳ ಹಿಂದೆ ಎರಡು ಮನೆಯವರ ತಕರಾರು ಜಮಾಅತಿನ ಹಿರಿಯರ ಮುಂದೆ ಬಂತು. ಒಂದು ಮನೆ ಮೂವರು ಅಣ್ಣತಮ್ಮಂದಿರದು. ತರಕಾರಿ ವ್ಯಾಪಾರದ ಟಂಟಂ, ಮೂರು ಬೈಕ್, ಮದುವೆ ಮುಂಜಿಗೆ ಮಾತ್ರ ಹೊರಡುವ ಒಂದು ಹಳೆಯ ಕಾರು. ಇನ್ನೊಂದು ಮನೆ ನಮ್ಮ ಲಿಂಗಾಯತ ನೆರೆಯವರದು. ಆ ಮನೆಯ ಹಿರಿಯರಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಗೆ ಹೋಗುವ ದಿನ ಆಟೋ ಬಾಗಿಲ ತನಕ ಬರಲಾಗದೆ ಮಗ ಅವರನ್ನು ಎತ್ತಿಕೊಂಡೇ ಓಣಿ ದಾಟಿಸಬೇಕಾಗಿತ್ತು. ಆ ಮಗ ಹೇಳಿದ ಮಾತು ಇಷ್ಟೇ: “ಗಾಡಿ ನಿಂತದ್ದಕ್ಕ ಸಿಟ್ಟಿಲ್ರಿ. ಒಂದಿನಾನೂ ಕೇಳ್ಲಿಲ್ಲ ನೋಡ್ರಿ, ಅದಕ್ಕ ಸಿಟ್ಟು.”

ಪರಿಹಾರ ದೊಡ್ಡದೇನೂ ಆಗಿರಲಿಲ್ಲ. ಓಣಿಯ ಬಾಯಿಯಲ್ಲಿದ್ದ ಖುಲ್ಲಾ ಜಾಗದ ಮಾಲೀಕರೊಂದಿಗೆ ಮಾತಾಡಿ, ತಿಂಗಳಿಗಿಷ್ಟು ಎಂದು ಗೊತ್ತುಮಾಡಿ, ಟಂಟಂ ಮತ್ತು ಕಾರನ್ನು ಅಲ್ಲಿಗೆ ಸಾಗಿಸಲಾಯಿತು. ಬೈಕುಗಳು ತಮ್ಮದೇ ಗೋಡೆಗೆ ಸೇರಿದವು. ಹಿರಿಯ ಅಣ್ಣ ಬಾಜು ಮನೆಗೆ ಹೋಗಿ ಆ ಹಿರಿಯರ ಪಕ್ಕ ಕುಳಿತು, “ಕಾಕಾರ, ಇನ್ನ ಮ್ಯಾಲೆ ಎಷ್ಟೊತ್ತಿಗಿದ್ರೂ ನಮ್ಮ ಬಾಗಲಾ ಬಡೀರಿ, ಗಾಡಿ ನಮ್ದ ತರ್ತೀವಿ” ಎಂದ. ಆಸ್ಪತ್ರೆಗೆ ಹೋಗುವ ದಿನ ಈಗ ಅದೇ ಹಳೆಯ ಕಾರು ಅವರ ಬಾಗಿಲಿಗೆ ಬಂದು ನಿಲ್ಲುತ್ತದೆ.

ಯಾರ ತೊಂದರೆಯಿಂದ ಅವನ ನೆರೆಯವನು ನಿಶ್ಚಿಂತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಪ್ರವಾದಿ(ಸ) ಅಲ್ಲಾಹನಾಣೆ ಹಾಕಿ ಮೂರು ಸಲ ಹೇಳಿದ್ದಾರೆ. (ಬುಖಾರಿ) ಇಲ್ಲಿ ನೆರೆಯವನು ಯಾವ ಧರ್ಮದವನು ಎಂಬ ಷರತ್ತಿಲ್ಲ. ಮನೆಯಲ್ಲಿ ಕುರಿ ಕೊಯ್ದಾಗ ಅಬ್ದುಲ್ಲಾ ಬಿನ್ ಅಮ್ರ್(ರ) ಅವರು ತಮ್ಮ ಯಹೂದಿ ನೆರೆಯವನಿಗೆ ಪಾಲು ಕಳಿಸಿದಿರಾ ಎಂದು ಮತ್ತೆ ಮತ್ತೆ ವಿಚಾರಿಸಿದ್ದು ಹದೀಸಿನಲ್ಲಿದೆ. (ತಿರ್ಮಿದಿ, ಅಬೂದಾವೂದ್) ಮಾಂಸದ ಪಾಲಿಗೇ ಇಷ್ಟು ಕಾಳಜಿಯಿದ್ದರೆ, ಬಾಗಿಲು ತೆರೆದು ಹೊರಬರುವ ಹಕ್ಕಿಗೆ ಎಷ್ಟಿರಬೇಕು?

ಫಿಕ್ಹ್ ಏನು ಹೇಳುತ್ತದೆ?

ಕೆಲವರು ಹೇಳುತ್ತಾರೆ, ‘ನನ್ನ ಮನೆಯ ಮುಂದಿನ ಜಾಗ ನನ್ನದು’ ಎಂದು. ನಮ್ಮ ಫಿಕ್ಹ್ ವಿದ್ವಾಂಸರು ಮನೆಯ ಮುಂದಿನ ಜಾಗಕ್ಕೆ ‘ಫಿನಾ’ ಎನ್ನುತ್ತಾರೆ. ಅದನ್ನು ಬಳಸಲು ಮನೆಯವನಿಗೆ ಅವಕಾಶವಿದೆ, ಆದರೆ ದಾರಿಹೋಕರಿಗೆ ತೊಂದರೆಯಾಗಬಾರದು. ಬಳಸುವ ಅವಕಾಶ ಬೇರೆ, ಒಡೆತನ ಬೇರೆ.

ಹನಫಿ ಮದ್ಹಬಿನ ಪ್ರಸಿದ್ಧ ಗ್ರಂಥ ‘ಅಲ್‌ಹಿದಾಯ’ವನ್ನು ಬರೆದ ಇಮಾಮ್ ಮರ್ಗೀನಾನಿ(ರಹ್) ತೀರಿಕೊಂಡದ್ದು ಹಿಜರಿ 593ರಲ್ಲಿ. ಎಂಟು ಶತಮಾನಗಳ ಹಿಂದಿನ ಆ ಗ್ರಂಥದಲ್ಲಿ ನಮ್ಮ ಇಂದಿನ ಸಮಸ್ಯೆಗೆ ಉತ್ತರವಿದೆ. ಸಾರ್ವಜನಿಕ ದಾರಿಗೆ ಯಾರಾದರೂ ಏನನ್ನಾದರೂ ಚಾಚಿ ಕಟ್ಟಿದರೆ ಅದನ್ನು ತೆಗೆಯೆಂದು ಕೇಳುವ ಹಕ್ಕು ಜನಸಾಮಾನ್ಯರಲ್ಲಿ ಯಾರಿಗೂ ಇದೆ. ಮುಂದೆ ದಾರಿಯಿಲ್ಲದ ಓಣಿಯಾದರೆ ಅಲ್ಲಿನ ನಿವಾಸಿಗಳ ಒಪ್ಪಿಗೆ ಬೇಕು. ಇನ್ನೊಂದು ಮಾತು ನೋಡಿ: ಸವಾರಿಯ ಪ್ರಾಣಿ ನಡೆಯುತ್ತಿರುವಾಗ ಹಿಂಗಾಲಿನಿಂದ ಒದ್ದರೆ ಸವಾರ ಹೊಣೆಯಲ್ಲ, ಯಾಕೆಂದರೆ ಅದನ್ನು ತಡೆಯುವುದು ಅವನ ಕೈಯಲ್ಲಿಲ್ಲ. ಆದರೆ ದಾರಿಯಲ್ಲಿ ಅದನ್ನು ನಿಲ್ಲಿಸಿಕೊಂಡಿದ್ದಾಗ ಒದ್ದರೆ ಅವನೇ ಹೊಣೆ. ದಾರಿಯಲ್ಲಿ ನಿಲ್ಲಿಸದೇ ಇರುವುದು ಅವನ ಕೈಯಲ್ಲಿತ್ತು!

ಈಗ ಯೋಚಿಸಿ. ಕತ್ತಲಲ್ಲಿ ಓಣಿಯ ನಡುವೆ ಬಿಟ್ಟ ಟ್ರೇಲರಿಗೆ ಬೈಕಿನವನು ಬಡಿದುಕೊಂಡರೆ, ಬಿಸಿ ಸೈಲೆನ್ಸರಿಗೆ ತಾಗಿ ಬಾಜು ಮನೆಯ ಮಗುವಿನ ಕಾಲು ಸುಟ್ಟರೆ, ‘ಗಾಡಿ ಸುಮ್ಮನೆ ನಿಂತಿತ್ತು’ ಎಂಬ ಉತ್ತರ ಅಲ್ಲಾಹನ ಮುಂದೆ ನಡೆಯುವುದೇ? ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡ್ಡಿ ಅಥವಾ ಅನುಚಿತ ತೊಂದರೆಯಾಗುವ ಹಾಗೆ ವಾಹನವನ್ನಾಗಲಿ ಟ್ರೇಲರನ್ನಾಗಲಿ ನಿಲ್ಲಿಸಿ ಬಿಡುವಂತಿಲ್ಲ.

ಒಳ್ಳೆಯ ಕೆಲಸದ ನೆಪ

‘ನಾವು ನಮಾಝಿಗೆ ತಾನೆ ಬಂದದ್ದು, ಅರ್ಧ ಗಂಟೆ’ ಎಂದು ಜುಮಾದ ದಿನ ಮಸೀದಿಯ ಸುತ್ತಲಿನ ಮನೆ, ಅಂಗಡಿಗಳ ಬಾಗಿಲಿಗೆ ಗಾಡಿ ನಿಲ್ಲಿಸುವವರು ಮುಆದ್ ಬಿನ್ ಅನಸ್(ರ) ವರದಿ ಮಾಡಿದ ಹದೀಸನ್ನು ಕೇಳಬೇಕು. ಒಂದು ಯುದ್ಧಯಾತ್ರೆಯಲ್ಲಿ ಜನರು ತಂಗುವ ಜಾಗವನ್ನು ಇಕ್ಕಟ್ಟು ಮಾಡಿ ದಾರಿಯನ್ನು ಅಡ್ಡಗಟ್ಟಿದರು. ಆಗ ಪ್ರವಾದಿ(ಸ) ಒಬ್ಬರನ್ನು ಕಳಿಸಿ, ಹೀಗೆ ಮಾಡಿದವರಿಗೆ ಜಿಹಾದಿನ ಪ್ರತಿಫಲವಿಲ್ಲವೆಂದು ಸಾರಿಸಿದರು. (ಅಬೂದಾವೂದ್) ಅಷ್ಟು ದೊಡ್ಡ ಕರ್ಮವೂ ದಾರಿ ಕಟ್ಟಿದವರಿಗೆ ದಕ್ಕಲಿಲ್ಲ. ಅರ್ಧ ಗಂಟೆ ನಮಗೆ ಸಣ್ಣದು. ಬಾಗಿಲ ಒಳಗೆ ಸಿಕ್ಕಿಕೊಂಡವರಿಗೆ ಅದು ಸಣ್ಣದಲ್ಲ. ಹತ್ತಿರದವರು ನಡೆದು ಬನ್ನಿ. ಮಸೀದಿಯ ಕಡೆಗೆ ಇಡುವ ಪ್ರತಿ ಹೆಜ್ಜೆಗೂ ಪುಣ್ಯವಿದೆ.

ಹಾಗೆಯೇ ಮಸೀದಿಯ ಅಥವಾ ಈದ್‌ಗಾಹಿನ ಅಂಗಳ ಖಾಲಿ ಇದೆಯೆಂದು ಯಾರೂ ತಾವಾಗಿ ಗಾಡಿ ಬಿಟ್ಟು ಹೋಗಬಾರದು. ಅದು ವಕ್ಫ್. ಕಮಿಟಿ ಕೂತು ನಿಯಮ ಮಾಡಿ, ಬಾಡಿಗೆ ಮಸೀದಿಗೇ ಸಲ್ಲುವ ಹಾಗೆ ಒಪ್ಪಿದರೆ ಅದು ಬೇರೆ ಮಾತು.

ಹೆಚ್ಚುವರಿ ವಾಹನ

ಒಂದು ಪ್ರಯಾಣದಲ್ಲಿ ಪ್ರವಾದಿ(ಸ), ಹೆಚ್ಚುವರಿ ವಾಹನ ಇದ್ದವನು ಇಲ್ಲದವನಿಗೆ ಕೊಡಲಿ ಎಂದರು. ಹೀಗೆ ಒಂದೊಂದೇ ವಸ್ತುವನ್ನು ಅವರು ಹೇಳುತ್ತ ಹೋದಾಗ, ಹೆಚ್ಚಿನದರ ಮೇಲೆ ನಮಗೆ ಹಕ್ಕೇ ಇಲ್ಲವೇನೋ ಅನಿಸಿತು ಎನ್ನುತ್ತಾರೆ ಅಬೂಸಈದ್ ಖುದ್ರೀ(ರ). (ಮುಸ್ಲಿಮ್) ನಮ್ಮ ಮನೆಗಳಲ್ಲಿ ವರ್ಷದಿಂದ ಸ್ಟಾರ್ಟ್ ಆಗದ ಬೈಕಿನ ಮೇಲೆ ತಾಡಪತ್ರಿ ಹೊದಿಸಿ ದಾರಿಯಲ್ಲಿ ಇಟ್ಟಿರುತ್ತೇವೆ. ಅದೇ ಓಣಿಯಲ್ಲಿ ಒಬ್ಬ ಹುಡುಗ ಕೆಲಸಕ್ಕೆ ಹೋಗಲು ಬೈಕಿಲ್ಲದೆ ಇರುತ್ತಾನೆ. ಮಾರಿ, ಇಲ್ಲವೇ ಕೊಡಿ. ದಾರಿಯೂ ತೆರವಾಗುತ್ತದೆ, ಸದಕಾವೂ ಆಗುತ್ತದೆ.

ಮದುವೆಯಲ್ಲಿ ಬೈಕು, ಕಾರು ಕೇಳಿ ಪಡೆಯುವವರಿಗೆ ಒಂದು ಮಾತು. ಹೆಣ್ಣಿನ ತಂದೆ ಸಾಲ ಮಾಡಿ ಕೊಟ್ಟ ಆ ಗಾಡಿಗೆ ಎಷ್ಟೋ ಮನೆಗಳಲ್ಲಿ ನಿಲ್ಲಲು ಜಾಗವೂ ಇರುವುದಿಲ್ಲ. ಒಬ್ಬರ ಮನೆಯನ್ನು ಸಾಲಕ್ಕೆ ದೂಡಿ, ಇನ್ನೊಬ್ಬರ ಬಾಗಿಲಿಗೆ ಅಡ್ಡ ನಿಲ್ಲಿಸುವ ವಾಹನದಲ್ಲಿ ಬರ್ಕತ್ ಎಲ್ಲಿಂದ ಬಂದೀತು?

ಜಪಾನಿನಲ್ಲಿ 1962ರಲ್ಲೇ ಒಂದು ಕಾನೂನು ಬಂದಿದೆ. ಅಲ್ಲಿನ ನಗರಗಳಲ್ಲಿ ಕಾರು ನೋಂದಾಯಿಸಬೇಕಾದರೆ ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇರಬೇಕು. ನಮ್ಮಲ್ಲಿ ಅಂಥ ಪತ್ರ ಕೇಳುವವರಿಲ್ಲದಿರಬಹುದು. ಆದರೆ ವಿಶ್ವಾಸಿಗೆ ಅವನ ಈಮಾನೇ ಆ ಪ್ರಶ್ನೆ ಕೇಳಬೇಕು.

ಇಂದೇ ಮಾಡಬಹುದಾದದ್ದು

ಮೊದಲನೆಯದು, ಗಾಡಿ ಕೊಳ್ಳುವ ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಜಾಗ ಇಲ್ಲದಿದ್ದರೆ ಅದರ ಬಾಡಿಗೆಯನ್ನೂ ಗಾಡಿಯ ಖರ್ಚಿನಲ್ಲೇ ಲೆಕ್ಕ ಹಿಡಿಯಿರಿ.

ಎರಡನೆಯದು, ಮನೆಯೊಳಗೆ ಒಂದು ಸರತಿ ಮಾಡಿ. ನಸುಕಿನಲ್ಲಿ ಹೊರಡುವ ಗಾಡಿ ಎಲ್ಲಕ್ಕಿಂತ ಹೊರಗೆ, ಅಪರೂಪಕ್ಕೆ ಹೊರಡುವುದು ಎಲ್ಲಕ್ಕಿಂತ ಒಳಗೆ. ಎಲ್ಲ ಕೀಲಿಗಳೂ ಒಂದೇ ಮೊಳೆಗೆ ತೂಗಿರಲಿ. ಯಾರಾದರೂ ತೆಗೆದು ದಾರಿ ಕೊಡುವಂತಿರಲಿ.

ಮೂರನೆಯದು, ಓಣಿಯವರೆಲ್ಲ ಕೂಡಿ ಒಂದೇ ಕಡೆಯ ಗೋಡೆಗೆ ನಿಲ್ಲಿಸಲು ಒಪ್ಪಿಕೊಳ್ಳಿ. ಟ್ರೇಲರುಗಳು ಹೊಲದಲ್ಲೋ ಕಣದಲ್ಲೋ ಇರಲಿ.

ನಾಲ್ಕನೆಯದು, ಗಾಡಿ ಏರಿಸಲು ಗಟಾರದ ಮೇಲೆ ಕಾಂಕ್ರೀಟ್ ಹಾಕಿ ನೀರಿನ ದಾರಿ ಮುಚ್ಚಬೇಡಿ. ಮಳೆಯ ದಿನ ಆ ನೀರು ನೆರೆಯವನ ಮನೆಗೆ ನುಗ್ಗುತ್ತದೆ.

ಐದನೆಯದು, ಕೇಳಿ. “ಅಣ್ಣಾರ, ರಾತ್ರಿ ನಿಮ್ಮ ಗ್ವಾಡಿ ಬಾಜೂಕ ಗಾಡಿ ನಿಲ್ಲಸ್ಲೇನ್ರಿ, ತ್ರಾಸ ಆಗ್ತದೇನ್ರಿ?” ಇಷ್ಟೇ ಮಾತು. ಒಪ್ಪಿದರೆ ಉಪಕಾರ ನೆನೆಯಿರಿ. ಒಪ್ಪದಿದ್ದರೆ ಮುನಿಯಬೇಡಿ, ಅದು ಅವರ ಹಕ್ಕು.

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ಮಕ್ಕಳು ದಾರಿಯ ಮುಳ್ಳನ್ನೂ ಕಲ್ಲನ್ನೂ ಸರಿಸುತ್ತಾರೆ. ಗಾಡಿಯನ್ನು ಸರಿಸಬೇಕಾದವರು ನಾವು.

ಯಾ ಅಲ್ಲಾಹ್, ನೀನು ಕೊಟ್ಟ ವಾಹನಗಳಲ್ಲಿ ನಮಗೆ ಬರ್ಕತ್ ಕೊಡು. ಅಪಘಾತಗಳಿಂದ ನಮ್ಮ ಮಕ್ಕಳನ್ನು ಕಾಪಾಡು. ನಮ್ಮ ಮನೆಗಳನ್ನೂ ನಮ್ಮ ಮನಸ್ಸುಗಳನ್ನೂ ವಿಶಾಲಗೊಳಿಸು. ನಮ್ಮಿಂದ ನೆರೆಯವರು ನಿಶ್ಚಿಂತರಾಗಿ ಬಾಳುವಂತೆ ನಮಗೆ ತೌಫೀಕ್ ನೀಡು. ಆಮೀನ್.