ಹಬ್ಬದ ಮನೆಯ ನಾಯಿ, ಬೆಕ್ಕು

ನೀರು ತುಂಬುವ ಹಬ್ಬದ ಸಂಜೆ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಅದರ ಕೊರಳಿಗೆ ಮಾಲೆ ಕಟ್ಟುವ ಸಂಭ್ರಮದಲ್ಲಿ ನೀವೆಲ್ಲ ಇರುವಾಗ, ಮನೆಯ ನಾಯಿ ಎಲ್ಲಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ? ಎಲ್ಲೋ ಮೂರು ಬೀದಿಯಾಚೆ ಮೊದಲ ಪಟಾಕಿ ಸಿಡಿದಾಗಲೇ ಅದು ಮಂಚದ ಕೆಳಗೆ ಸೇರಿರುತ್ತದೆ. ಬೆಕ್ಕಂತೂ ಅಟ್ಟ ಹತ್ತಿದರೆ ಎರಡು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಚತುರ್ದಶಿ, ಅಮಾವಾಸ್ಯೆ, ಪಾಡ್ಯ ಈ ಮೂರು ದಿನ ನಮಗೆ ಹಬ್ಬ. ಅವಕ್ಕೆ, ಏಕೆ ಬಂತೆಂದೂ ಎಂದು ಮುಗಿಯುವುದೆಂದೂ ತಿಳಿಯದ ಉತ್ಪಾತ.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಬೆಕ್ಕಿಗೆ ಅದಕ್ಕೂ ಮೇಲೆ. ಆದರೆ ಇದು ಕಿವಿಯೊಂದರ ಸಂಗತಿಯಲ್ಲ. ಗುಡುಗುವ ಮುಂಚೆ ಮೋಡ ಕವಿಯುತ್ತದೆ, ಗಾಳಿ ಬೀಸುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಪಟಾಕಿಗೆ ಅಂಥ ಸೂಚನೆ ಯಾವುದೂ ಇಲ್ಲ. ಆಗ ಪ್ರಾಣಿಗೆ ತೋಚುವುದು ಎರಡೇ: ಅಡಗುವುದು, ಇಲ್ಲವೇ ಓಡುವುದು.

ನಮ್ಮ ಕೆಂಚ ಓಡಿತು. ಒಂಬತ್ತು ವರ್ಷ ನಮ್ಮೊಡನಿದ್ದ ನಾಯಿ. ಚತುರ್ದಶಿಯ ಸಂಜೆ ಬಂದ ನೆಂಟರನ್ನು ಬೀಳ್ಕೊಟ್ಟು ಒಳಗೆ ಬಂದವನು ನಾನು. ಗೇಟಿನ ಚಿಲಕ ಹಾಕದೆ ಬಂದವನೂ ನಾನೇ. ಅಷ್ಟರಲ್ಲಿ ಎದುರು ಸಾಲಿನಲ್ಲಿ ಯಾರೋ ಒಂದು ಸರಕ್ಕೆ ಬೆಂಕಿ ಹಚ್ಚಿದರು. ಅದು ಸಿಡಿದು ಮುಗಿಯುವ ಹೊತ್ತಿಗೆ ಅಂಗಳ ಬರಿದಾಗಿತ್ತು. ಪಟಾಕಿ ಹಚ್ಚಿದವರನ್ನು ಬಹಳ ದಿನ ಬೈದುಕೊಂಡೆ. ಚಿಲಕದ ವಿಷಯ ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ಆ ರಾತ್ರಿ ನಾವು ಮಾಡಿದ್ದೆಲ್ಲ ತಪ್ಪೇ. ಟಾರ್ಚು ಹಿಡಿದು, ನಾಲ್ಕು ಜನ ಸೇರಿ, ಹೆಸರು ಕೂಗುತ್ತ ಬೀದಿ ಬೀದಿ ಓಡಿದೆವು. ಹೆದರಿದ ನಾಯಿ ಕೂಗಿಗೆ ಇನ್ನಷ್ಟು ಹೆದರುತ್ತದೆ. ಆ ಹೊತ್ತಿನಲ್ಲಿ ತನ್ನ ಯಜಮಾನನ ದನಿಯನ್ನೂ ಅದು ಗುರುತಿಸದೆ ಹೋಗಬಹುದು. ಎಷ್ಟೋ ವೇಳೆ ಅದು ದೂರ ಹೋಗದೆ ಚರಂಡಿಯ ಮೋರಿಯಲ್ಲೋ, ನಿಂತ ಲಾರಿಯ ಕೆಳಗೋ, ಕಟ್ಟುತ್ತಿರುವ ಮನೆಯ ಮೂಲೆಯಲ್ಲೋ ಉಸಿರು ಬಿಗಿಹಿಡಿದು ಕುಳಿತಿರುತ್ತದೆ. ಸದ್ದಡಗಿದ ಮೇಲೆ, ಬೆಳಗಿನ ಜಾವ ಒಬ್ಬರೋ ಇಬ್ಬರೋ ಹೋಗಿ ಮೆಲ್ಲನೆ ಹುಡುಕಬೇಕು. ಕಂಡರೆ ಬೆನ್ನಟ್ಟದೆ, ನೆಲದ ಮೇಲೆ ಕುಳಿತು, ತಿನ್ನಲು ಏನನ್ನಾದರೂ ಮುಂದಿಟ್ಟು ಕಾಯಬೇಕು. ಅದು ಮಲಗುತ್ತಿದ್ದ ಗೋಣಿಯನ್ನು ಗೇಟಿನ ಬಳಿ ಹಾಕಿಡಿ. ಹಾಲಿನವನಿಗೆ, ಪೇಪರು ಹಾಕುವ ಹುಡುಗನಿಗೆ, ಮುಖ್ಯವಾಗಿ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಪಟ ತೋರಿಸಿ. ಊರು ಏಳುವ ಮೊದಲು ಊರನ್ನು ನೋಡುವವರು ಅವರೇ.

ಇದಕ್ಕಿಂತ ಕತ್ತಲಾಗುವ ಮುನ್ನವೇ ಎಚ್ಚರ ವಹಿಸುವುದು ಸುಲಭ. ಸಂಜೆ ಐದರೊಳಗೆ ಅದನ್ನು ತಿರುಗಾಡಿಸಿ ತಂದು, ಊಟ ಹಾಕಿ, ಒಳಕೋಣೆಯಲ್ಲಿ ಬಿಡಿ. ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ರೇಡಿಯೋ ಹಚ್ಚಿಡಿ, ನಮ್ಮ ಭಾಷಣಗಳಿಗೆ ಇಂಥದೊಂದು ಉಪಯೋಗವೂ ಉಂಟು! ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರು ಇರಲಿ. ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಗುರುತಿನ ಚಿಪ್ಪನ್ನು ಸೇರಿಸುವ ಪಶುವೈದ್ಯರೂ ಇದ್ದಾರೆ. ಪಟ್ಟಿ ಕಳಚಿ ಬಿದ್ದರೂ ಅದು ಉಳಿಯುತ್ತದೆ. ನಡುಗುವ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆಂಬ ಮಾತನ್ನು ನಂಬಬೇಡಿ. ಪಕ್ಕದಲ್ಲಿ ಕುಳಿತು ಮೈ ಸವರಿ. ಭಯ ವಿಪರೀತವಾದರೆ ಹಬ್ಬಕ್ಕೆ ಒಂದೆರಡು ವಾರ ಮೊದಲೇ ವೈದ್ಯರನ್ನು ಕಾಣಿ. ಮನೆಯಲ್ಲಿರುವ ನಿದ್ದೆಗುಳಿಗೆಯನ್ನು ಮಾತ್ರ ಖಂಡಿತ ಕೊಡಬೇಡಿ. ಮೈಯನ್ನು ಜಡಮಾಡಿ, ಭಯವನ್ನು ಒಳಗೆ ಹಾಗೆಯೇ ಉಳಿಸುವ ಮದ್ದುಗಳಿವೆ.

ಅಡಿಗೆಮನೆಯ ಕಡೆಯೂ ಗಮನವಿರಲಿ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೇಡು. ಚಾಕಲೇಟು ವಿಷವೇ ಸರಿ. ಹಬ್ಬದ ಪಾಲು ಅದಕ್ಕೂ ಬೇಕೆಂದಾದರೆ ಒಂದು ಹಿಡಿ ಮೊಸರನ್ನ ಸಾಕು.

2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಎಂದು ಹೊತ್ತು ಗೊತ್ತುಮಾಡಿತು. ಅಷ್ಟನ್ನು ಬೀದಿಯವರೆಲ್ಲ ಪಾಲಿಸಿದರೂ ಪ್ರಾಣಿಗಳಿಗೆ ಉಳಿದ ಹೊತ್ತಾದರೂ ನೆಮ್ಮದಿ. ಬೀದಿನಾಯಿಯ ಬಾಲಕ್ಕೆ ಪಟಾಕಿ ಕಟ್ಟುವುದು ಹುಡುಗಾಟವಲ್ಲ; 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ನೇಪಾಳದಲ್ಲಿ ಇದೇ ದೀಪಾವಳಿಯ ದಿನಗಳಲ್ಲಿ ನಾಯಿಗೆ ಹೂಮಾಲೆ ಹಾಕಿ, ತಿಲಕವಿಟ್ಟು, ಊಟವಿಡುವ ದಿನವೊಂದುಂಟು. ನೀವು ಅಷ್ಟೆಲ್ಲ ಮಾಡಬೇಕಾಗಿಲ್ಲ. ಜಗುಲಿಯ ಮೂಲೆಯಲ್ಲಿ ಮುದುರಿದ ಬೀದಿನಾಯಿಯನ್ನು ಆ ಒಂದು ರಾತ್ರಿ ಅಟ್ಟದಿದ್ದರಾಯಿತು.

ಇಷ್ಟಾದರೂ ಕೆಲವು ಮರಳುವುದಿಲ್ಲ. ಮುಪ್ಪಿನಿಂದ ಹೋದುವೂ ಹಬ್ಬದ ದಿನವೇ ಹೆಚ್ಚು ನೆನಪಾಗುತ್ತವೆ. ನಾಯಿಗಾಗಿ ಅಳುವುದೇ ಎಂದು ನಾಚುವವರಿಗೆ ಆತಕೂರಿನ ಕಲ್ಲಿನ ವಿಷಯ ಹೇಳಬೇಕು. ಮಂಡ್ಯ ಜಿಲ್ಲೆಯ ಆ ಊರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೆರ ಪರಾಕ್ರಮ ತೋರಿದ. ಬೇಕಾದುದನ್ನು ಕೇಳೆಂದು ರಾಷ್ಟ್ರಕೂಟರ ಮೂರನೆಯ ಕೃಷ್ಣ ಹೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರನ ನಾಯಿಗೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಮನೆಯ ಪ್ರಾಣಿ ಸತ್ತರೆ ಮಕ್ಕಳಿಗೆ “ಹಳ್ಳಿಗೆ ಕಳಿಸಿದ್ದೇವೆ” ಎಂದು ಸುಳ್ಳು ಹೇಳಬೇಡಿ. ಕಣ್ಣೀರು ಆರುವ ಮುನ್ನವೇ ಮತ್ತೊಂದು ಮರಿಯನ್ನು ತಂದು ಬಾಯಿ ಮುಚ್ಚಿಸಲೂ ಬೇಡಿ. ಅದರ ಹೆಸರು ಮನೆಯಲ್ಲಿ ಓಡಾಡಲಿ.

ಕೆಂಚನ ತಟ್ಟೆ ನಮ್ಮಲ್ಲಿ ಇನ್ನೂ ಇದೆ. ಚತುರ್ದಶಿಯ ಸಂಜೆ ಮಗಳು ಗೇಟಿನ ಕಂಬದ ಮೇಲೆ ಒಂದು ಹಣತೆ ಹೆಚ್ಚಿಗೆ ಇಡುತ್ತಾಳೆ. ಇಟ್ಟು ತಿರುಗುವಾಗ ಚಿಲಕವನ್ನು ಎರಡು ಸಲ ಎಳೆದು ನೋಡಿ ಒಳಗೆ ಬರುತ್ತಾಳೆ.