ಓಲೆಗರಿಯೂ ಗಣಕಯಂತ್ರವೂ



ವಿಜಾಪುರದ ಫ. ಗು. ಹಳಕಟ್ಟಿಯವರು ವಕೀಲವೃತ್ತಿಯಲ್ಲಿದ್ದುಕೊಂಡೇ ಊರೂರು ತಿರುಗಿ, ಜಗಲಿಯ ಮೇಲೆ ಪೂಜೆಗೊಳ್ಳುತ್ತ ಓದುವವರಿಲ್ಲದೆ ಹುಳು ಹಿಡಿಯುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಕು ಕಂಡಿತು. 1926ರಲ್ಲಿ 'ಶಿವಾನುಭವ' ಪತ್ರಿಕೆಯು ಹೊರಟಿತು. ಅಂದು ಒಂದು ವಚನವನ್ನು ಹುಡುಕಲು ದಿನಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದಿತು. ಇಂದಾದರೋ 'ವಚನ ಸಂಚಯ'ವೆಂಬ ಜಾಲತಾಣದಲ್ಲಿ ಒಂದು ಶಬ್ದವನ್ನು ಬರೆದೊಡನೆ, ಆ ಶಬ್ದವು ಯಾವ ಶರಣರ ಯಾವ ವಚನದಲ್ಲಿ ಬಂದಿದೆಯೆಂಬುದು ಕ್ಷಣಮಾತ್ರದಲ್ಲಿ ತೋರುವುದು. ಡಿಜಿಟಲ್ ವಿದ್ಯೆಯ ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಓಲೆಗರಿಗೆ ಹುಳುವಿದ್ದಂತೆ ಈ ವಿದ್ಯೆಗೂ ತನ್ನದೇ ಆದ ಹುಳುವುಂಟು. ನೂರಾರು ವರ್ಷಗಳ ಓಲೆಯನ್ನು ಲಿಪಿ ಬಲ್ಲವನು ಇಂದಿಗೂ ಓದಬಲ್ಲನು. ಇಪ್ಪತ್ತೈದು ವರ್ಷಗಳ ಹಿಂದೆ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕನ್ನಡ ಲೇಖನವನ್ನು ಇಂದಿನ ಗಣಕಯಂತ್ರದಲ್ಲಿ ತೆರೆದರೆ, ಅನೇಕವೇಳೆ ಅರ್ಥವಿಲ್ಲದ ಗೆರೆಗಳು ಮಾತ್ರ ಕಾಣುವುವು! 1991ರಲ್ಲಿಯೇ ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಅದು ರೂಢಿಗೆ ಬರಲು ಬಹುಕಾಲ ಹಿಡಿಯಿತು. ಮಠಗಳ ಹಳೆಯ ಸಂಚಿಕೆಗಳನ್ನು ಈಗಲೇ ಯೂನಿಕೋಡಿಗೆ ಮಾರ್ಪಡಿಸಿ, ಅಚ್ಚಿನ ಪ್ರತಿಯನ್ನೂ ಕಾಪಾಡಿಕೊಳ್ಳುವುದು ಯುಕ್ತ.

ಇದಕ್ಕಿಂತಲೂ ಆತಂಕದ ವಿಷಯ ಅಂಕಿತದ್ದು. ಶರಣರು ತಮ್ಮ ಮಾತಿನ ಕೊನೆಗೆ ಇಷ್ಟದೈವದ ಹೆಸರನ್ನಿಟ್ಟರು. ನುಡಿದುದಕ್ಕೆ ಆ ಹೆಸರೇ ಸಾಕ್ಷಿ. ಅಂಕಿತವನ್ನು ಬದಲಿಸಿದ 'ವಚನದೀಪ್ತಿ'ಯ ವಿಷಯದಲ್ಲಿ ಸರಕಾರವು 1998ರಲ್ಲಿ ಮುಟ್ಟುಗೋಲಿನ ಆಜ್ಞೆ ಹೊರಡಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದು ಒಂದೇ ಪುಸ್ತಕದ ವ್ಯಾಜ್ಯ. ಇಂದು ದೂರವಾಣಿಯಲ್ಲಿ ದಿನವೂ ಹರಿದಾಡುವ ಮಾತುಗಳಿಗೆ ಯಾರೋ ಕೂಡಲಸಂಗಮದೇವನ ಹೆಸರನ್ನು ತಗುಲಿಸುತ್ತಾರೆ. ಯಂತ್ರವೂ ಕೇಳಿದೊಡನೆ ವಚನದಂತಹುದನ್ನು ಹೆಣೆದುಕೊಡುತ್ತದೆ. ಅನುಭವವಿಲ್ಲದೆ ಹುಟ್ಟಿದ ಆ ಮಾತನ್ನು ಭಕ್ತರು ನಂಬಿ ಮುಂದಕ್ಕೆ ಕಳುಹುತ್ತಾರೆ. ಸಂಪುಟದಲ್ಲಿ ನೋಡದೆ ಮುಂದೂಡುವವನೂ ಈ ಅಪರಾಧದಲ್ಲಿ ಪಾಲುಗಾರನೇ ಸರಿ.

ಗ್ರಂಥಸ್ವಾಮ್ಯದ ಮಾತು ಸುಲಭ. 1957ರ ಕಾನೂನಿನಂತೆ ಕರ್ತೃವು ಕಾಲವಾದ ವರ್ಷದ ತರುವಾಯ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ವಚನಗಳು ಸರ್ವರ ಸೊತ್ತು; 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರ ಸ್ವಂತ ಬರಹಗಳೂ 2025ರ ಆರಂಭದಿಂದ ಮುಕ್ತವಾದುವು. ಈಚಿನ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳು ಮಾತ್ರ ಹಾಗಲ್ಲ.

ವ್ಯಕ್ತಿಯ ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು, 18 ವರ್ಷದೊಳಗಿನವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆಯನ್ನು ವಿಧಿಸಿದೆ. ಆದರೆ ಇಲ್ಲಿ ಕಾನೂನಿಗಿಂತ ಮೊದಲು ನಿಲ್ಲುವುದು ದಾಸೋಹಧರ್ಮ. ಪ್ರಸಾದನಿಲಯದಲ್ಲಿ ಉಣ್ಣುತ್ತಿರುವ ಬಡ ಹುಡುಗನ ಮುಖವನ್ನು ಚಿತ್ರ ತೆಗೆದು ಲೋಕಕ್ಕೆಲ್ಲ ತೋರಿಸಿದರೆ, ನೀಡಿದವನ ಹೆಮ್ಮೆ ಬೆಳೆದೀತು; ಉಂಡವನು ದೊಡ್ಡವನಾದ ಮೇಲೂ ಆ ಚಿತ್ರವು ಅವನ ಬೆನ್ನು ಬಿಡದು. ಹಾಗೆ ಮಾಡಿದಲ್ಲಿ ಅದು ದಾಸೋಹವೆಂದು ಕರೆಯಿಸಿಕೊಂಡೀತೆ?

ಇನ್ನು ಭೂಮಿಯ ಋಣ. 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಸಂಸ್ಕರಣವಾದುದು ನಾಲ್ಕರಲ್ಲೊಂದು ಪಾಲೂ ಇಲ್ಲ. ಉಳಿದುದರಲ್ಲಿ ಬಹಳಷ್ಟು ಗುಜರಿಯವರ ಕೈ ಸೇರುತ್ತದೆ. ಅಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಸುಡುವವರೂ, ಚಿನ್ನದ ಕಣಕ್ಕಾಗಿ ಆಮ್ಲದಲ್ಲಿ ಕೈಯಾಡಿಸುವವರೂ ಹೊಟ್ಟೆಪಾಡಿನ ಜನ. ಸೀಸದ ವಿಷವು ಅವರ ಮಕ್ಕಳ ಮೈಗೆ ಸೇರುತ್ತದೆ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ 2005ರಲ್ಲಿಯೇ ಇಂತಹ ಕಸವನ್ನು ಕ್ರಮವಾಗಿ ಬೇರ್ಪಡಿಸುವ ಕಾರ್ಖಾನೆಯು ಆರಂಭವಾಯಿತು. ಜಾತ್ರೆಯ ದಿನ ಮಹಾದ್ವಾರದ ಬಳಿ ಒಂದು ಪೆಟ್ಟಿಗೆಯನ್ನಿರಿಸಿ, ಭಕ್ತರ ಮನೆಯ ಕೆಟ್ಟ ದೂರವಾಣಿಗಳನ್ನು ಕೂಡಿಸಿ, ಸರಕಾರದ ಮಾನ್ಯತೆ ಪಡೆದ ಸಂಸ್ಕಾರಕರಿಗೆ ಒಪ್ಪಿಸಲು ಮಠಕ್ಕೆ ದೊಡ್ಡ ವೆಚ್ಚವೇನೂ ತಗಲದು. ಬರುವ ಜಾತ್ರೆಯಿಂದಲೇ ಅದು ಮೊದಲಾಗಬಹುದು.